ಸೌರ ಸ್ಥಾವರದ ಟೆಂಡರ್‌ಗೆ ಬಿಡ್ ಬಾರದಿರುವ ಬಗ್ಗೆ

ಸರ್ಕಾರದ ಸೌರ ಸ್ಥಾವರದ ಟೆಂಡರ್‌ಗೆ ಒಂದೂ ಬಿಡ್ ಬಂದಿಲ್ಲ, ಒಪ್ಪಂದದ ಕರಡಿನಲ್ಲಿ ಏನು ತಿದ್ದಬೇಕು ಎಂದು ಕೇಳಿದ್ದೀರಿ. ಬಹುಶಃ ದರದ ಸಮಸ್ಯೆಯಲ್ಲ. ಎರಡು ಸಲ ಟೆಂಡರ್ ಕರೆದರೂ ಯಾರೂ ಬರದಿರಲು ಕಾರಣ, ಗ್ರಿಡ್ (ವಿದ್ಯುತ್ ಜಾಲ) ಸಂಪರ್ಕ ತಡವಾದರೂ ದಂಡ ಕಂಪನಿಗೇ ಎಂದು ನೀವು ಉಲ್ಲೇಖಿಸಿರುವ ಷರತ್ತು. ಕಂಪನಿಯ ಕೈಯಲ್ಲಿಲ್ಲದ ರಿಸ್ಕ್ ಅದರ ಮೇಲಿದ್ದರೆ ಬ್ಯಾಂಕ್ ಸುಲಭಕ್ಕೆ ಸಾಲ ಕೊಡುವುದಿಲ್ಲ.

ಮೊದಲು ಜಮೀನು, ಪರವಾನಗಿ, ಗ್ರಿಡ್ ಸಂಪರ್ಕ ಮೂರನ್ನೂ ಸರ್ಕಾರದ ಹೊಣೆಗೆ ತನ್ನಿ. ನಿರ್ಮಾಣದ ವಿಳಂಬ, ಪ್ಯಾನೆಲ್‌ಗಳ ಕಾರ್ಯಕ್ಷಮತೆ ಕಂಪನಿಗೇ ಇರಲಿ, ಅಲ್ಲಿ ರಿಯಾಯಿತಿ ಬೇಡ. ಆಮೇಲೆ ಈ ಷರತ್ತು ಸೇರಿಸಿ: ಸ್ಥಾವರ ಸಿದ್ಧವಿದ್ದೂ ಗ್ರಿಡ್ ವಿದ್ಯುತ್ ತೆಗೆದುಕೊಳ್ಳದಿದ್ದರೆ, ಉತ್ಪಾದಿಸಬಹುದಾಗಿದ್ದ ಯೂನಿಟ್‌ಗಳಿಗೆ ಹಣ ಸಿಗಬೇಕು. ಒಪ್ಪಂದ ಅರ್ಧಕ್ಕೆ ಮುರಿದುಬಿದ್ದರೆ ಬಾಕಿ ಸಾಲ ಯಾರದು ಎಂಬುದನ್ನೂ ಬರೆಯಿರಿ. ಸಾಲದ ಬಡ್ಡಿಯ ಏರಿಳಿತವನ್ನು ಸರ್ಕಾರವೂ ಹಂಚಿಕೊಳ್ಳಬೇಕೇ? ಅದು ಸಾಲದ ಸ್ವರೂಪದ ಮೇಲಿದೆ, ಇಷ್ಟು ವಿವರದಿಂದ ಹೇಳಲಾಗದು. ಮರುಟೆಂಡರ್‌ಗೆ ಮುಂಚೆ ಕರಡನ್ನು ಒಂದೆರಡು ಬ್ಯಾಂಕ್‌ಗಳಿಗೆ ತೋರಿಸಿ, ಅವರು ಕೆಂಪು ಗೆರೆ ಎಳೆದ ಕಲಮುಗಳನ್ನಷ್ಟೇ ತಿದ್ದಿ.