ಕುಟುಂಬದ ವಿದೇಶ ಪ್ರವಾಸಕ್ಕೆ ಒಂದೇ ವಿಮೆಯೋ, ಬೇರೆ ಬೇರೆಯೋ?

ಪ್ರಶ್ನೆ: ನಾವು ದಂಪತಿ, ಇಬ್ಬರು ಮಕ್ಕಳು ಹಾಗೂ ಮಧುಮೇಹವಿರುವ ನಮ್ಮ ಅತ್ತೆಯವರು ಯುರೋಪಿಗೆ ಹೊರಟಿದ್ದೇವೆ. ಎಲ್ಲರಿಗೂ ಸೇರಿ ಒಂದೇ ಪ್ರವಾಸ ವಿಮೆ ಮಾಡಿಸಬಹುದೇ?

ಉತ್ತರ: ನಿಮ್ಮಿಬ್ಬರಿಗೂ ಮಕ್ಕಳಿಗೂ ಕುಟುಂಬ ಪಾಲಿಸಿ, ಅತ್ತೆಯವರಿಗೆ ಪ್ರತ್ಯೇಕ ಪಾಲಿಸಿ ಮಾಡಿಸುವುದೇ ಸೂಕ್ತವೆಂದು ನನ್ನ ಅಭಿಪ್ರಾಯ. ಒಟ್ಟು ಪಾಲಿಸಿಯಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸನ್ನು ಅವಲಂಬಿಸಿರುವುದರಿಂದ, ಅವರನ್ನು ಸೇರಿಸಿದರೆ ಎಲ್ಲರ ವೆಚ್ಚವೂ ಏರಬಹುದು. ಅನೇಕ ಕುಟುಂಬ ಪಾಲಿಸಿಗಳಿಗೆ ವಯೋಮಿತಿಯೂ ಇರುತ್ತದೆ.

ಇದಕ್ಕಿಂತ ಮುಖ್ಯವಾದುದು ವಿಮಾ ಮೊತ್ತದ ಹಂಚಿಕೆ. ಫ್ಲೋಟರ್ ಮಾದರಿಯಲ್ಲಿ ಇಡೀ ಕುಟುಂಬಕ್ಕೆ ಒಂದೇ ಮೊತ್ತವಿದ್ದು, ಒಬ್ಬರ ಆಸ್ಪತ್ರೆ ಖರ್ಚಿಗೆ ಅದರ ಬಹುಪಾಲು ಕರಗಿದರೆ ಉಳಿದವರಿಗೆ ಸಿಗುವುದು ಮಿಕ್ಕಷ್ಟು ಮಾತ್ರ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ಷೆಂಗೆನ್ ವೀಸಾಕ್ಕೆ ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಕಡ್ಡಾಯವಾದ್ದರಿಂದ, ನೀವು ಆರಿಸುವ ಪಾಲಿಸಿಯಲ್ಲಿ ಮೊತ್ತವು ತಲಾ ಲೆಕ್ಕದಲ್ಲಿದೆಯೇ ಎಂದು ಬರಹದಲ್ಲೇ ಖಚಿತಪಡಿಸಿಕೊಳ್ಳಿ.

ಅತ್ತೆಯವರ ಮಧುಮೇಹವನ್ನು ಅರ್ಜಿಯಲ್ಲಿ ದಯವಿಟ್ಟು ಮುಚ್ಚಿಡಬೇಡಿ. ಪ್ರೀಮಿಯಂ ಹೆಚ್ಚೀತೆಂಬ ಅಂಜಿಕೆಯಿಂದ ಹಲವರು ಹೀಗೆ ಮಾಡುತ್ತಾರೆ. ಆದರೆ ಮೊದಲೇ ಇದ್ದ ಕಾಯಿಲೆಯನ್ನು ತಿಳಿಸಿರಲಿಲ್ಲ ಎಂಬ ಕಾರಣಕ್ಕೆ ಕ್ಲೈಮ್ ತಿರಸ್ಕೃತವಾದರೆ, ಪರದೇಶದ ಆಸ್ಪತ್ರೆಯ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕಾಗುತ್ತದೆ. ತಿಳಿಸಿದ ಮೇಲೂ ಆ ಕಾಯಿಲೆಗೆ ಪೂರ್ಣ ಚಿಕಿತ್ಸೆ ಸಿಗುವುದೋ, ಪ್ರಾಣಾಪಾಯದ ತುರ್ತು ಸಂದರ್ಭದಲ್ಲಿ ಮಾತ್ರವೋ ಎಂಬುದನ್ನು ಓದಿ ನೋಡಿ.

ಒಬ್ಬರ ಅನಾರೋಗ್ಯದಿಂದ ಎಲ್ಲರ ಪ್ರವಾಸವೂ ರದ್ದಾದಾಗ, ಪ್ರತ್ಯೇಕ ಪಾಲಿಸಿ ಹೊಂದಿದವರಿಗೂ ಪರಿಹಾರ ದೊರೆಯುವುದೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.