ಪಾರ್ಕಿನ್ಸನ್ ಇರುವವರಿಗೆ ಮುಂದೆ ಮರೆವು ಬರುತ್ತದೆಯೇ ಎಂದು ಮೆದುಳಿನ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆಯೇ?

ಸುಳಿವು ಸಿಗುತ್ತದೆ, ಖಚಿತ ಉತ್ತರ ಸಿಗುವುದಿಲ್ಲ. ನನಗೆ ಮುಖ್ಯ ಅನಿಸುವುದು ಮೆದುಳಿನ ಮುಂಭಾಗದ ಬುಡದಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪು. ಮೆದುಳಿನ ಹೊರಪದರಕ್ಕೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಮುಖ್ಯವಾಗಿ ಒದಗಿಸುವುದು ಇದೇ. ಗಮನ, ನೆನಪು ಎರಡಕ್ಕೂ ಆ ರಾಸಾಯನಿಕ ಬೇಕು. ಎಂಆರ್‌ಐನಲ್ಲಿ ಈ ಗುಂಪು ಕುಗ್ಗಿದ್ದು ಕಂಡರೆ, ಈಗ ಚುರುಕಾಗಿರುವವರಲ್ಲೂ ಮುಂದೆ ಯೋಚನಾಶಕ್ತಿ ಕುಂದುವ ಸಾಧ್ಯತೆ ಜಾಸ್ತಿ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಸಣ್ಣದಾಗುವುದು, ಹೊರಪದರ ತೆಳುವಾಗುವುದೂ ಲೆಕ್ಕಕ್ಕೆ ಬರುತ್ತವೆ. ಪೆಟ್ ಸ್ಕ್ಯಾನ್‌ನಲ್ಲಿ ಮೆದುಳಿನ ಹಿಂಭಾಗ ಗ್ಲೂಕೋಸ್ ಕಡಿಮೆ ಬಳಸುತ್ತಿದ್ದರೆ ಅದೂ ಎಚ್ಚರಿಕೆಯೇ.

ಡ್ಯಾಟ್ ಸ್ಕ್ಯಾನ್ ಎಂಬ ಇನ್ನೊಂದು ಸ್ಕ್ಯಾನ್ ತೋರಿಸುವುದು ಡೋಪಮೈನ್ ಕಥೆ, ಅಂದರೆ ಚಲನೆಗೆ ಬೇಕಾದ ರಾಸಾಯನಿಕದ ಕಥೆ. ಮರೆವಿನ ಬಗ್ಗೆ ಅದೊಂದನ್ನೇ ನಂಬುವಂತಿಲ್ಲ. ಅಲ್ಲದೆ ಇವೆಲ್ಲ ರೋಗಿಗಳ ಗುಂಪುಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸಗಳು, ಒಬ್ಬ ವ್ಯಕ್ತಿಯ ಬಗ್ಗೆ ಖಚಿತವಾಗಿ ಹೇಳಲಾಗದು. ಡಿಮೆನ್ಷಿಯಾ (ದಿನದ ಬದುಕಿಗೆ ಅಡ್ಡಿಯಾಗುವಷ್ಟು ಮರೆವು, ಯೋಚನಾಶಕ್ತಿಯ ಕುಸಿತ) ಇದೆಯೋ ಇಲ್ಲವೋ ಎಂದು ವೈದ್ಯರು ತೀರ್ಮಾನಿಸುವುದು ನೆನಪು, ಗಮನದ ಪರೀಕ್ಷೆಗಳಿಂದ, ದಿನನಿತ್ಯದ ಕೆಲಸ ಹೇಗೆ ಸಾಗುತ್ತಿದೆ ಎಂಬುದರಿಂದ.