ಭಾಗೀರಥಿಯ ಹಾಡನ್ನು ಮೊಮ್ಮಗಳಿಗೆ ಕಲಿಸಬಹುದೇ?

ಪ್ರಶ್ನೆ: ನನ್ನ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆಂದು ‘ಕೆರೆಗೆ ಹಾರ’ ಹಾಡನ್ನು ಕಲಿಯುತ್ತಿದ್ದಾಳೆ. ಊರಿನ ಒಳಿತಿಗಾಗಿ ಪ್ರಾಣ ಕೊಟ್ಟ ಆದರ್ಶ ಸೊಸೆಯ ಕಥೆ ಇದೆಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಹಾಡು, ನನಗೆ ಬಲು ಪ್ರಿಯ. ಆದರೆ ನನ್ನ ಮಗಳು, ಹೆಣ್ಣು ಬಾಯಿ ಮುಚ್ಚಿಕೊಂಡು ಸಾಯಬೇಕೆಂದು ಕಲಿಸುವ ಹಾಡು ಬೇಡವೇ ಬೇಡ ಎನ್ನುತ್ತಾಳೆ. ಯಾರ ಮಾತು ಸರಿ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಮಗಳ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಸಲ್ಲಬೇಕಾದದ್ದು ಹಾಡಿಗೆ ಶಾಲೆಯವರು ಅಂಟಿಸಿದ ‘ಆದರ್ಶ ಸೊಸೆ’ ಎಂಬ ಚೀಟಿಗೆ. ಹಾಡನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಕೇಳಿದವರಿಗೆ ಅಲ್ಲಿ ಬೇರೆಯದೇ ಸಂಗತಿ ಕಾಣುತ್ತದೆ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಅದರಲ್ಲಿ ಗುಟುಕು ನೀರೂ ಬರುವುದಿಲ್ಲ. ಶಾಸ್ತ್ರದ ಹೊತ್ತಿಗೆ ತೆಗೆಸಿ ಕೇಳಿದಾಗ ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕೆಂಬ ಮಾತು ಬರುತ್ತದೆ. ಹಿರಿಸೊಸೆ ಹೋದರೆ ಮನೆಯ ಹಿರಿತನ ನಡೆಸುವವರಿಲ್ಲವೆಂದು ಲೆಕ್ಕ ಹಾಕಿ ಕಿರಿಸೊಸೆ ಭಾಗೀರಥಿಯನ್ನು ಗೊತ್ತುಮಾಡುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳನ್ನಂತೂ ಯಾರೂ ಒಂದು ಮಾತು ಕೇಳುವುದಿಲ್ಲ.

ವಿಷಯ ತಿಳಿದ ಭಾಗೀರಥಿ ತವರಿಗೆ ಓಡುತ್ತಾಳೆ. ಕಣ್ಣೀರೇಕೆಂದು ಅಪ್ಪ ಕೇಳಿದಾಗ ಅವಳ ಬಾಯಿಂದ ನಿಜ ಹೊರಡುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಹೇಳಿಬಿಡುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡುತ್ತೇನೆ ಎನ್ನುತ್ತಾನೆ ಅಪ್ಪ. ಅವ್ವ ಒಡವೆಯ ಮಾತಾಡುತ್ತಾಳೆ. ಅವನ್ನೆಲ್ಲ ಒಯ್ದು ಬೆಂಕಿಗೆ ಹಾಕಿ ಎನ್ನುವ ಮಗಳ ಉತ್ತರ ಎಷ್ಟು ಉರಿಯುವ ಉತ್ತರವೆಂಬುದನ್ನು ಗಮನಿಸಿ. ಕೊನೆಗೆ ಅವಳು ನಿಜ ಹೇಳುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿಯೂ, ಕೊಟ್ಟರೆ ಕೊಡಲಿ, ಇಟ್ಟಹಾಗೆ ಇರಬೇಕು ಎನ್ನುತ್ತಾಳೆ. ಹೆಣ್ಣಿಗೆ ಊರು ವಿಧಿಸಿದ ಕಟ್ಟಳೆಯನ್ನು ಹಾಡು ಅತ್ತೆಯ ಬಾಯಲ್ಲಾಗಲಿ ಗೌಡನ ಬಾಯಲ್ಲಾಗಲಿ ಆಡಿಸದೆ, ಅವಳನ್ನು ಎಲ್ಲರಿಗಿಂತ ಹೆಚ್ಚು ಬಲ್ಲ ಇನ್ನೊಬ್ಬ ಹೆಣ್ಣಿನ ಬಾಯಲ್ಲಿ ಆಡಿಸಿದೆ. ಇಷ್ಟು ಕಟುವಾದ ವಿಮರ್ಶೆಯನ್ನು ಭಾಷಣ ಮಾಡಿ ಹೇಳುವುದು ಕಷ್ಟ. ಬೀಸುಕಲ್ಲಿನ ಮುಂದೆ ಕೂತ ಸೊಸೆಯಂದಿರು, ಅತ್ತೆಯ ಕಿವಿಗೆ ಬೀಳುವಂತೆಯೇ, ಇದನ್ನು ಹಾಡಿಕೊಂಡು ಬಂದರು.

ಕೆರೆಯ ದೃಶ್ಯವನ್ನೂ ನೋಡಿ. ಗಂಗೆಯ ಪೂಜೆ ಮುಗಿಸಿ ಎಲ್ಲರೂ ಹೊರಟಮೇಲೆ, ಮರೆತುಬಂದ ಬಂಗಾರದ ಬಟ್ಟಲು ತರಲೆಂದು ಭಾಗೀರಥಿಯನ್ನು ಒಬ್ಬಳನ್ನೇ ಹಿಂದಕ್ಕೆ ಕಳಿಸುತ್ತಾರೆ. ಬಟ್ಟಲು ಹಿಡಿದು ಅವಳು ಮೆಟ್ಟಿಲು ಹತ್ತುತ್ತಿರುವಾಗ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಏರುತ್ತದೆ. ಅಂದರೆ ಅವಳು ಕೆರೆಗೆ ಹಾರಿದವಳಲ್ಲ, ಮೇಲೆ ಬರುತ್ತಿದ್ದವಳು. ತಾನಾಗಿ ಹಾರುವವನು ಮಾದೇವರಾಯ: ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ, ತವರಿಗೆ ಹೋಗಿದ್ದಾಳೆಂದು ಮನೆಯವರು ಸುಳ್ಳು ಹೇಳುತ್ತಾರೆ, ಹುಡುಕಿ ಹುಡುಕಿ ಗೆಳತಿಯಿಂದ ನಿಜ ತಿಳಿದು ಕೆರೆಗೆ ಬೀಳುತ್ತಾನೆ. ವೇದಿಕೆಯ ಮೇಲೆ ರೇಷ್ಮೆ ಸೀರೆಯುಟ್ಟ ಹುಡುಗಿ ಆರತಿ ಹಿಡಿದು ನಗುನಗುತ್ತ ನೀರಿಗಿಳಿಯುವಂತೆ ಆಡಿಸುವವರು ಹಾಡನ್ನು ಕೇಳಿಯೇ ಇಲ್ಲವೆಂದು ನನಗೆ ಅನುಮಾನ.

ಹಾಗೆಂದು ಹಾಡು ಕೆರೆಯನ್ನು ಹಗುರವಾಗಿ ಕಾಣುವುದಿಲ್ಲ. ಮಳೆ ನೆಚ್ಚಿದ ಬಯಲುಸೀಮೆಯಲ್ಲಿ ಕೆರೆಯೆಂದರೆ ಜನ, ದನ, ಬೆಳೆ ಎಲ್ಲದರ ಜೀವ. ನೀರು ಎಲ್ಲರದು ಎಂಬ ಮೌಲ್ಯವನ್ನು ಹಾಡು ಒಪ್ಪುತ್ತದೆ. ಅದರ ಬೆಲೆಯನ್ನು ಮನೆಯಲ್ಲಿ ಅತಿ ಕಿರಿಯಳಾದವಳಿಂದ ವಸೂಲಿ ಮಾಡಿದ್ದನ್ನು ಮಾತ್ರ ಮರೆಯಲು ಬಿಡುವುದಿಲ್ಲ.

ಆದ್ದರಿಂದ ಕಲಿಸಿ, ಆದರೆ ಪೂರ್ತಿ ಕಲಿಸಿ. ಸಮಯ ಸಾಲದೆಂದು ತವರಿನ ಮತ್ತು ಗೆಳತಿಯ ನುಡಿಗಳನ್ನು ಕೈಬಿಟ್ಟರೆ ಉಳಿಯುವುದು ನಿಮ್ಮ ಮಗಳು ಹೆದರುವ ಹಾಡೇ. ಭಾಗೀರಥಿ ಬದುಕಿ ಬಂದಳೆಂದು ಕೊನೆಯನ್ನು ತಿದ್ದುವುದೂ ಬೇಡ. ತಿದ್ದಿದರೆ ಮಾವನ ಮನೆಯವರು ಸುಲಭವಾಗಿ ಪಾರಾಗುತ್ತಾರೆ. ಹಾಡು ಮುಗಿದಮೇಲೆ, ಅವಳು ಅಪ್ಪನಿಗೇಕೆ ನಿಜ ಹೇಳಲಿಲ್ಲ ಎಂದು ಮೊಮ್ಮಗಳನ್ನು ಕೇಳಿ. ಆ ಪ್ರಶ್ನೆಗೆ ನೀವು ಮೂರೂ ತಲೆಮಾರಿನವರು ಕೂತು ಮಾತಾಡಬಹುದು.

ಪ್ರಶ್ನೆ: ನನಗಿರುವವರು ಇಬ್ಬರೂ ಗಂಡುಮಕ್ಕಳು. ಹೆಣ್ಣಿನ ಕಷ್ಟದ ಕಥೆಗಳಿಂದ ಅವರಿಗೇನು ಪ್ರಯೋಜನ?
– ಓದುಗರೊಬ್ಬರು, ತುಮಕೂರು

ಉತ್ತರ: ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹುಡುಗಿ ಹೂವಿನ ಮರವಾಗುವ ಕಥೆಯನ್ನು ಹೇಳಿ ನೋಡಿ. ಉಗುರು ತಾಗಿಸದೆ ತಂದ ಒಂದು ಕೊಡ ನೀರು ಸುರಿದರೆ ಅವಳು ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಕೊಯ್ಯುವವರು ಎಲೆ ಚಿಗುರಿಗೆ ನೋವು ಮಾಡಬಾರದು. ಮದುವೆಯಾದ ರಾಜಕುಮಾರನಿಗೂ ಮೊದಲು ಬೇಕಾದದ್ದು ಅವಳು ಮರವಾಗುವ ಸೋಜಿಗವೇ. ಆಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಬಲವಂತದಿಂದ ಹುಡುಗಿಯನ್ನು ಮರವಾಗಿಸಿ, ಕೊಂಬೆ ಮುರಿದು, ಕೈಕಾಲಿಲ್ಲದ ಅವಳನ್ನು ಬಿಟ್ಟುಹೋಗುತ್ತಾರೆ. ಅರಸನ ಮಗನ ಕಥೆಗಳು ಸಾಮಾನ್ಯವಾಗಿ ಮದುವೆಯಲ್ಲಿ ಮುಗಿದರೆ, ಹೆಂಗಸರು ಹೇಳುವ ಕಥೆಗಳಲ್ಲಿ ತೊಂದರೆ ಶುರುವಾಗುವುದೇ ಮದುವೆಯಿಂದ ಎಂಬುದನ್ನು ರಾಮಾನುಜನ್ ಗುರುತಿಸಿದ್ದರು. ನಿಮ್ಮ ಮಕ್ಕಳು ಗಮನಿಸಬೇಕಾದ ಭಾಗ ಕೊನೆಯದು: ಅವಳನ್ನು ಉಳಿಸಲು ಗಂಡ ಯುದ್ಧವನ್ನೇನೂ ಗೆಲ್ಲುವುದಿಲ್ಲ, ಅವಳು ಹೇಳಿದಂತೆ ನೀರು ಸುರಿದು, ಮುರಿದ ಕೊಂಬೆ ಎಲೆಗಳನ್ನು ಒಂದೊಂದಾಗಿ ಸರಿಪಡಿಸಿ, ಇನ್ನೊಂದು ಕೊಡ ನೀರು ಸುರಿಯುತ್ತಾನೆ. ಈ ಕಥೆಯನ್ನು ಮನೆಯಾಕೆಗೆ ಬಿಡದೆ ತಂದೆಯಾದ ನೀವೇ ಹೇಳಿ.